ಮಗುವಿನ ರಕ್ತದಲ್ಲಿ ಸೀಸ ಕಂಡರೆ ಮೊದಲು ನೋಡಬೇಕಾದ್ದು ಮನೆಯನ್ನು

ಪ್ರಶ್ನೆ: ನಮ್ಮದು ಮಲ್ಪೆ ಹತ್ತಿರ, ಹಳೆಯ ಹಂಚಿನ ಮನೆ. ಮಗನಿಗೆ ಒಂದು ವರ್ಷ ಎಂಟು ತಿಂಗಳು. ಅಂಗಳಕ್ಕೆ ಬಿಟ್ಟರೆ ಸಾಕು, ಮಣ್ಣು ಬಾಯಿಗೆ ಹಾಕುತ್ತಾನೆ. ಬಿಳಿಚಿಕೊಂಡಿದ್ದಾನೆ ಎಂದು ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 9.2 ಇತ್ತು. ಮಣ್ಣು ತಿನ್ನುವ ವಿಷಯ ಹೇಳಿದ ಮೇಲೆ ಡಾಕ್ಟರು ಸೀಸದ ಪರೀಕ್ಷೆಯನ್ನೂ ಬರೆದುಕೊಟ್ಟರು. ಕೈಯ ರಕ್ತನಾಳದಿಂದ ರಕ್ತ ತೆಗೆದು ಹೊರಗಿನ ಲ್ಯಾಬಿಗೆ ಕಳುಹಿಸಿದ್ದು, ವರದಿಯಲ್ಲಿ 14 ಎಂದು ಬಂದಿದೆ. ಆದರೆ ಹುಡುಗ ಚೆನ್ನಾಗಿ ಆಡಿಕೊಂಡಿದ್ದಾನೆ, ಊಟವೂ ಪರವಾಗಿಲ್ಲ. ಮಾವ ಮೊದಲು ಬೋಟಿಗೆ ಹೋಗುತ್ತಿದ್ದರು, ಈಗ ಮನೆಯಲ್ಲೇ ಬಲೆ ಕಟ್ಟುತ್ತಾರೆ, ಅವರಿಗೆ ಬಿಪಿ ಇದೆ. ಕಳೆದ ಮೇ ತಿಂಗಳಲ್ಲಿ ಕಿಟಕಿ, ಗೇಟಿನ ಹಳೆ ಬಣ್ಣ ಕೆರೆದು ಹೊಸ ಬಣ್ಣ ಬಳಿಸಿದ್ದೆವು. ಈ ಸೀಸ ಎಲ್ಲಿಂದ ಬಂತು? ಔಷಧಿ ಕೊಡಿಸಬೇಕೇ? ಬುದ್ಧಿಗೆ ತೊಂದರೆಯಾಗುತ್ತದೆಯೇ? ನಾನು ಈಗ ನಾಲ್ಕು ತಿಂಗಳ ಗರ್ಭಿಣಿ, ಹೊಟ್ಟೆಯಲ್ಲಿರುವ ಮಗುವಿಗೂ ಇದು ತಟ್ಟಬಹುದೇ?

ಉತ್ತರ: ಔಷಧಿಯ ಪ್ರಶ್ನೆಯನ್ನು ಮೊದಲು ಮುಗಿಸುತ್ತೇನೆ, ಏಕೆಂದರೆ ನಿಮ್ಮ ಮನಸ್ಸಿನಲ್ಲಿ ಅದೇ ಓಡುತ್ತಿರುತ್ತದೆ. ರಕ್ತದಲ್ಲಿ ಸೀಸ 14 ಇರುವ ಮಗುವಿಗೆ ಸೀಸ ಹೊರಹಾಕುವ ಔಷಧಿ ಕೊಡುವುದಿಲ್ಲ. ಯಾರಾದರೂ ಕೊಡುತ್ತೇನೆಂದರೂ ಬೇಡ ಎನ್ನಿ. ಆದರೆ ಔಷಧಿ ಬೇಡ ಎಂದ ಮಾತ್ರಕ್ಕೆ ಸುಮ್ಮನಿರಬಹುದು ಎಂದಲ್ಲ. ಸೀಸ ಇನ್ನೂ ಮಗುವಿನ ಬಾಯಿಗೆ ಹೋಗುತ್ತಿದೆ. ಅದು ಎಲ್ಲಿಂದ ಹೋಗುತ್ತಿದೆ ಎಂದು ಹುಡುಕಿ ನಿಲ್ಲಿಸುವುದೇ ಇಲ್ಲಿ ಚಿಕಿತ್ಸೆ, ಮತ್ತು ಆ ಕೆಲಸ ಆಸ್ಪತ್ರೆಯಲ್ಲಿ ನಡೆಯುವಂಥದ್ದಲ್ಲ, ನಿಮ್ಮ ಜಗಲಿ ಮತ್ತು ಅಂಗಳದಲ್ಲಿ ನಡೆಯಬೇಕಾದದ್ದು. ನಿಮ್ಮ ಪತ್ರ ಓದುವಾಗ ಎರಡು ಸಾಲುಗಳ ಮೇಲೆ ನನ್ನ ಕಣ್ಣು ನಿಂತಿತು: ಮಾವ ಮನೆಯಲ್ಲೇ ಬಲೆ ಕಟ್ಟುತ್ತಾರೆ, ಮೇ ತಿಂಗಳಲ್ಲಿ ಹಳೆ ಬಣ್ಣ ಕೆರೆಸಿದ್ದೀರಿ. ಅವಕ್ಕೆ ಆಮೇಲೆ ಬರುತ್ತೇನೆ.

ಮೊದಲು ಆ 14 ಎಂದರೇನು ನೋಡೋಣ. ಒಂದು ಡೆಸಿಲೀಟರ್, ಅಂದರೆ 100 ಮಿಲಿಲೀಟರ್ ರಕ್ತದಲ್ಲಿ 14 ಮೈಕ್ರೋಗ್ರಾಂ ಸೀಸ ಇದೆ ಎಂದರ್ಥ. ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಭಾಗ. ಬೆರಳ ತುದಿ ಚುಚ್ಚಿ ತೆಗೆದ ರಕ್ತವಾಗಿದ್ದರೆ ಚರ್ಮದ ಮೇಲಿದ್ದ ಧೂಳು ಸೇರಿ ಸುಳ್ಳು ಲೆಕ್ಕ ಬಂದಿರಬಹುದಿತ್ತು, ಇನ್ನೊಮ್ಮೆ ಮಾಡಿಸಿ ಎನ್ನುತ್ತಿದ್ದೆ. ನಿಮ್ಮದು ರಕ್ತನಾಳದಿಂದಲೇ ತೆಗೆದದ್ದು, ಆದ್ದರಿಂದ ನಂಬಬಹುದು. ವಿಶ್ವ ಆರೋಗ್ಯ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ಹೇಳುವಂತೆ 5 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸೀಸದ ಮೂಲ ಹುಡುಕಲೇಬೇಕು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಅದೇ ವರ್ಷ ತನ್ನ ಮಿತಿಯನ್ನು 3.5ಕ್ಕೆ ಇಳಿಸಿತು. ಇದೇ ಮಿತಿ 1960ರ ದಶಕದಲ್ಲಿ 60 ಇತ್ತು, 1985ರಲ್ಲಿ 25, 1991ರಲ್ಲಿ 10, 2012ರಲ್ಲಿ 5. ಪ್ರತಿ ಸಲ ಇಳಿಸಿದ್ದು ಹೊಸದಾಗಿ ಹೆದರಿಸಲಿಕ್ಕಲ್ಲ. ಸುರಕ್ಷಿತ ಎಂದುಕೊಂಡಿದ್ದ ಮಟ್ಟದಲ್ಲೂ ಮಕ್ಕಳ ಮಿದುಳಿಗೆ ಪೆಟ್ಟು ಬೀಳುತ್ತಿದೆ ಎಂದು ಒಂದರ ಹಿಂದೊಂದು ಅಧ್ಯಯನಗಳು ತೋರಿಸಿದ್ದರಿಂದ. ಇಷ್ಟಿದ್ದರೆ ಏನೂ ಆಗುವುದಿಲ್ಲ ಎನ್ನಬಹುದಾದ ಮಟ್ಟ ಸೀಸಕ್ಕೆ ಇಲ್ಲ.

ಇಂಥ ಮಕ್ಕಳು ನಮ್ಮಲ್ಲಿ ಅಪರೂಪವೂ ಅಲ್ಲ. ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳು 2020ರಲ್ಲಿ ಹೊರತಂದ ವರದಿ ಭಾರತದಲ್ಲಿ ಸುಮಾರು 27.5 ಕೋಟಿ ಮಕ್ಕಳ ರಕ್ತದಲ್ಲಿ ಸೀಸ 5ಕ್ಕಿಂತ ಹೆಚ್ಚಿದೆ ಎಂದು ಅಂದಾಜು ಮಾಡಿತು. ನಮ್ಮ ಮಂಗಳೂರಿನಲ್ಲೇ ನೂರಕ್ಕೂ ಹೆಚ್ಚು ಶಾಲಾಮಕ್ಕಳ ರಕ್ತ ಪರೀಕ್ಷಿಸಿ, 40ಕ್ಕಿಂತ ಹೆಚ್ಚು ಬಂದ ಮಕ್ಕಳ ಮನೆಗಳಿಗೆ, ವಸ್ತುಗಳಲ್ಲಿ ಸೀಸವಿದೆಯೇ ಎಂದು ತೋರಿಸುವ, ಕೈಯಲ್ಲಿ ಹಿಡಿಯುವ ಎಕ್ಸ್‌-ರೇ ಯಂತ್ರ ತೆಗೆದುಕೊಂಡು ಹೋಗಿ ಹುಡುಕಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಅವರಿಗೆ ಸಿಕ್ಕಿದ್ದು ಮನೆಯ ಮತ್ತು ಆಟದ ಜಾಗದ ಬಣ್ಣ, ಹಳೆ ಬ್ಯಾಟರಿಗಳು, ಸೀಸ ಸೇರಿದ ಮಣ್ಣು. ಸೀಸ ಎಂದರೆ ನಮ್ಮಲ್ಲಿ ಹಲವರಿಗೆ ಇವತ್ತಿಗೂ 2015ರ ನೂಡಲ್ಸ್ ಗದ್ದಲ ನೆನಪಾಗುತ್ತದೆ. ಮಕ್ಕಳಿಗೆ ನಿಜವಾಗಿ ಅದು ಹೋಗುವ ದಾರಿ ಅದಕ್ಕಿಂತ ತುಂಬ ಹತ್ತಿರದ್ದು.

ಒಂದೇ ಮನೆಯಲ್ಲಿ ದೊಡ್ಡವರಿಗಿಂತ ಮಗುವಿಗೇ ಏಕೆ ಹೆಚ್ಚು ತಗಲುತ್ತದೆ ಎಂಬುದನ್ನು ಅರ್ಥಮಾಡಿಕೊಂಡರೆ ಮುಂದಿನದೆಲ್ಲ ಸುಲಭ. ಅಂಬೆಗಾಲಿಡುವ, ಈಗಷ್ಟೇ ನಡೆಯುವ ಮಗು ನೆಲದಲ್ಲೇ ಇರುತ್ತದೆ. ಕೈ ಪದೇಪದೇ ಬಾಯಿಗೆ ಹೋಗುತ್ತದೆ. ದೊಡ್ಡವರ ಹೊಟ್ಟೆಗೆ ಸೀಸ ಹೋದರೆ ಬಹುಪಾಲು ಮಲದಲ್ಲಿ ಹೊರಗೆ ಹೋಗುತ್ತದೆ. ಚಿಕ್ಕಮಕ್ಕಳ ಕರುಳು ಅದರಲ್ಲಿ ಅರ್ಧದಷ್ಟನ್ನು ಹೀರಿಕೊಂಡುಬಿಡಬಹುದು. ದೇಹ ಸೀಸವನ್ನು ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಎಂದು ತಪ್ಪು ತಿಳಿದು ಒಳಗೆ ಬಿಟ್ಟುಕೊಳ್ಳುತ್ತದೆ. ಮಿದುಳಿನ ನರಕೋಶಗಳು ಒಂದಕ್ಕೊಂದು ಸಂದೇಶ ಕಳುಹಿಸುವಲ್ಲಿ ಕ್ಯಾಲ್ಸಿಯಂ ಮಾಡುವ ಕೆಲಸಕ್ಕೆ ಅದು ಅಡ್ಡಬರುತ್ತದೆ. ರಕ್ತ ತಯಾರಾಗುವ ಹಂತದಲ್ಲಿ ಬೇಕಾದ ಕಿಣ್ವಗಳನ್ನು ತಡೆಯುತ್ತದೆ. ಉಳಿದದ್ದು ಎಲುಬಿನಲ್ಲಿ ಹೋಗಿ ಕೂರುತ್ತದೆ. ರಕ್ತದಲ್ಲಿರುವ ಸೀಸ ಅರ್ಧಕ್ಕಿಳಿಯಲು ಸುಮಾರು ಒಂದು ತಿಂಗಳು ಸಾಕು, ಎಲುಬಿನೊಳಗಿನದ್ದಕ್ಕೆ ದಶಕಗಳು ಬೇಕು.

ಮಗು ಆಡಿಕೊಂಡಿದೆ ಎಂದು ಬರೆದಿದ್ದೀರಿ. 14ರ ಮಟ್ಟದಲ್ಲಿ ಆಡಿಕೊಂಡೇ ಇರುತ್ತದೆ. ಹೊಟ್ಟೆನೋವು, ಮಲಬದ್ಧತೆ, ವಾಂತಿ, ವಿಪರೀತ ಕಿರಿಕಿರಿ, ಕೊನೆಗೆ ಫಿಟ್ಸ್, ಇವೆಲ್ಲ ಸೀಸ ತುಂಬ ಏರಿದ ಮೇಲೆ ಬರುವಂಥವು. ಅವು ಬರಲಿ, ಆಮೇಲೆ ನೋಡೋಣ ಎಂದು ಕಾಯುವಂತಿಲ್ಲ. ಮಣ್ಣು ತಿನ್ನುವ ಮಗುವಿಗೆ ಈ ಪರೀಕ್ಷೆ ಬರೆದುಕೊಟ್ಟ ನಿಮ್ಮ ಡಾಕ್ಟರರು ಬಹಳ ಒಳ್ಳೆಯ ಕೆಲಸ ಮಾಡಿದ್ದಾರೆ.

ಈಗ ಬಲೆಯ ವಿಷಯ. ಬಲೆ ನೀರಿನಲ್ಲಿ ಕೆಳಗಿಳಿಯಬೇಕಾದರೆ ಅಡಿಹಗ್ಗಕ್ಕೆ ಭಾರ ಬೇಕು, ಆ ಭಾರ ಹೆಚ್ಚಾಗಿ ಸೀಸದ ಗುಂಡು ಅಥವಾ ಮಣಿ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ. ಬಲೆ ಬಿಚ್ಚಿ, ಹರಿದದ್ದನ್ನು ಹೆಣೆದು, ಸವೆದ ಗುಂಡು ತೆಗೆದು ಹೊಸದು ಪೋಣಿಸುವ ಕೆಲಸವೆಲ್ಲ ಆ ಎರಡು ತಿಂಗಳಲ್ಲಿ ಜೋರು. ಹೊರಗೆ ಜಡಿಮಳೆ, ಹಾಗಾಗಿ ಕೆಲಸ ಜಗಲಿಯಲ್ಲಿ. ಮಗುವೂ ಹೊರಗೆ ಹೋಗುವಂತಿಲ್ಲ, ಅದೂ ಜಗಲಿಯಲ್ಲಿ. ಹಳೆಯ ಗುಂಡನ್ನು ಕೈಯಲ್ಲಿ ಉಜ್ಜಿ ನೋಡಿದರೆ ಬೆರಳು ಬೂದುಬಣ್ಣಕ್ಕೆ ತಿರುಗುತ್ತದೆ. ಆ ಬೂದುಬಣ್ಣವೇ ಸೀಸ. ಸುತ್ತಿಗೆಯಲ್ಲಿ ಬಡಿದು ಹಗ್ಗಕ್ಕೆ ಕೂರಿಸುವಾಗ, ಚಾಕುವಿನಲ್ಲಿ ಕೆತ್ತುವಾಗ, ಗೋಣಿಯಲ್ಲಿ ತುಂಬಿಟ್ಟ ಗುಂಡುಗಳು ಒಂದಕ್ಕೊಂದು ಉಜ್ಜುವಾಗ ಆ ಹುಡಿ ನೆಲಕ್ಕೆ ಬೀಳುತ್ತದೆ. ಕಣ್ಣಿಗೆ ಕಾಣುವಷ್ಟು ಇರಬೇಕೆಂದೇನೂ ಇಲ್ಲ.

ಕೆಲವು ಮನೆಗಳಲ್ಲಿ ಹಳೆ ಸೀಸವನ್ನು ಕರಗಿಸಿ ಗುಂಡು ಎರೆಯುವುದೂ ಇದೆ. ನಿಮ್ಮ ಮಾವ ಅದನ್ನು ಮಾಡುತ್ತಾರೋ ಎಂದು ನೀವು ಬರೆದಿಲ್ಲ, ಕೇಳಿ ನೋಡಿ. ಸೀಸ 327 ಡಿಗ್ರಿಯಲ್ಲಿ ಕರಗುತ್ತದೆ. ಬಚ್ಚಲೊಲೆಯ ಕಟ್ಟಿಗೆ ಬೆಂಕಿ ಸಾಕು, ಹಳೆಯ ಬಾಣಲೆ ಸಾಕು. ಹಾಗಾಗಿಯೇ ಅದು ಮನೆಯ ಕೆಲಸವಾಗಿ ಉಳಿದುಕೊಂಡಿದೆ. ಕರಗಿದ ಸೀಸದ ಮೇಲೆ ಬೂದು-ಹಳದಿ ಕೆನೆ ಕಟ್ಟುತ್ತದೆ, ಅದನ್ನು ಸೌಟಿನಲ್ಲಿ ತೆಗೆದು ತೆಂಗಿನ ಬುಡಕ್ಕೆ ಎಸೆಯುತ್ತಾರೆ. ಆ ಕೆನೆ ಒಣಗಿದ ಮೇಲೆ ನುಣ್ಣನೆಯ ಹುಡಿ, ಮತ್ತು ಅದು ಗಟ್ಟಿ ಸೀಸಕ್ಕಿಂತ ಬೇಗ ಹೊಟ್ಟೆಯಲ್ಲಿ ಕರಗುತ್ತದೆ. ಬೆಂಕಿ ಹೆಚ್ಚಾದಷ್ಟೂ ಹೊಗೆಯಲ್ಲೂ ಸೀಸ ಏಳುತ್ತದೆ. ಮೀನುಗಾರಿಕೆಗೆ ಬೇಕಾದ ಸೀಸವನ್ನು ಮನೆಯಲ್ಲಿ ಕರಗಿಸುವ ಕೊಲಂಬಿಯಾದ ಕರಾವಳಿ ಕುಟುಂಬಗಳ ಮಕ್ಕಳಲ್ಲೂ ಸೀಸ ಏರಿರುವುದು ದಾಖಲಾಗಿದೆ. ಸಮುದ್ರ ಬೇರೆ, ಕೆಲಸ ಅದೇ.

ಇದನ್ನು ಹೇಳಿ ಮಾವನವರನ್ನು ತಪ್ಪಿತಸ್ಥರನ್ನಾಗಿ ನಿಲ್ಲಿಸುವ ಉದ್ದೇಶ ನನಗಿಲ್ಲ, ನೀವೂ ಹಾಗೆ ಮಾಡಬೇಡಿ. ಜೀವಮಾನವಿಡೀ ಅವರು ಆ ಸೀಸವನ್ನು ಮುಟ್ಟಿಕೊಂಡೇ ಬಂದಿದ್ದಾರೆ, ಯಾರೂ ಅವರಿಗೆ ಎಚ್ಚರಿಕೆ ಹೇಳಿಲ್ಲ. ಸೀಸದಿಂದ ದೊಡ್ಡವರಲ್ಲಿ ರಕ್ತದೊತ್ತಡ ಏರುತ್ತದೆ, ಮೂತ್ರಪಿಂಡಕ್ಕೆ ಹಾನಿಯಾಗುತ್ತದೆ. ಬಿಪಿ ಇರುವ ಅವರ ರಕ್ತವನ್ನೂ ಪರೀಕ್ಷಿಸಬೇಕು. ಮೊಮ್ಮಗನಿಗಾಗಿ ಎಂದರೆ ಕೇಳದ ಅಜ್ಜ ನಮ್ಮ ಊರಿನಲ್ಲಿ ಇದ್ದಾರೆ ಎಂದು ನನಗೆ ಅನಿಸುವುದಿಲ್ಲ. ಆದರೆ ಇದು ಅವರ ಆರೋಗ್ಯದ ವಿಷಯವೂ ಹೌದು ಎಂದೇ ಮಾತು ಶುರು ಮಾಡಿ.

ಮಾಡಬೇಕಾದ್ದು ಇಷ್ಟು. ಬಲೆ, ಗುಂಡು, ಉಪಕರಣ ಎಲ್ಲವೂ ಮಗು ಹೋಗದ ಬೇರೆ ಕೊಟ್ಟಿಗೆಗೆ ಅಥವಾ ಶೆಡ್ಡಿಗೆ ಹೋಗಲಿ, ಬಾಗಿಲಿಗೆ ಚಿಲಕವಿರಲಿ. ಕರಗಿಸುವುದನ್ನು ಮನೆಯ ಆವರಣದಲ್ಲಿ ಪೂರ್ತಿ ನಿಲ್ಲಿಸಲೇಬೇಕು, ಇದರಲ್ಲಿ ರಾಜಿ ಇಲ್ಲ. ನೂಲಿನ ಹೊದಿಕೆಯ ಒಳಗೆ ಸೀಸ ತುಂಬಿದ ಸಿದ್ಧ ಹಗ್ಗ ಸಿಗುತ್ತದೆ, ಅದನ್ನು ಬಳಸಿದರೆ ಬಿಡಿ ಗುಂಡು ಮುಟ್ಟುವುದೇ ತಪ್ಪುತ್ತದೆ. ಕೆಲವು ಬಲೆಗಳಿಗೆ ಕಬ್ಬಿಣದ ಸರಪಳಿಯೂ ಆಗುತ್ತದೆ. ಕೆಲಸ ಮುಗಿಸಿ ಎದ್ದವರು ಒಳಗೆ ಬರುವ ಮೊದಲು ಬಟ್ಟೆ ಬದಲಿಸಿ, ಕೈ-ಮುಖ ಸಾಬೂನಿನಲ್ಲಿ ತೊಳೆದು, ಆಮೇಲೆ ಮಗುವನ್ನು ಎತ್ತಿಕೊಳ್ಳಲಿ. ಆ ಬಟ್ಟೆಯನ್ನು ಮಗುವಿನ ಬಟ್ಟೆಯೊಂದಿಗೆ ಒಗೆಯಬೇಡಿ. ಕೆಲಸದ ನಡುವೆ ಅದೇ ಕೈಯಲ್ಲಿ ಬೀಡಿ, ಎಲೆಯಡಿಕೆ ಬೇಡ. ಸ್ಯಾನಿಟೈಸರ್ ಸೀಸಕ್ಕೆ ನಡೆಯುವುದಿಲ್ಲ, ಅದು ಕ್ರಿಮಿ ಕೊಲ್ಲುತ್ತದೆಯೇ ಹೊರತು ಲೋಹವನ್ನು ತೆಗೆಯುವುದಿಲ್ಲ.

ಎರಡನೆಯದು ಬಣ್ಣ. ನಮ್ಮ ಕರಾವಳಿಯಲ್ಲಿ ಉಪ್ಪುಗಾಳಿಗೆ ಕಬ್ಬಿಣ ನಿಲ್ಲುವುದಿಲ್ಲ, ಮಳೆಗಾಲದ ತೇವಕ್ಕೆ ಮರದ ಮೇಲಿನ ಬಣ್ಣ ನಿಲ್ಲುವುದಿಲ್ಲ. ಹಾಗಾಗಿ ಮಳೆ ಹಿಡಿಯುವ ಮೊದಲು, ಏಪ್ರಿಲ್‌-ಮೇನಲ್ಲಿ, ಕಿಟಕಿಯ ಸರಳು, ಗೇಟು, ಬಾಗಿಲಿನ ಚೌಕಟ್ಟು ಕೆರೆದು ಬಣ್ಣ ಬಳಿಯುವುದು ಮನೆಮನೆಯ ವಾಡಿಕೆ. ಭಾರತದಲ್ಲಿ ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ 90 ಭಾಗ, ಮೀರಬಾರದು ಎಂಬ ನಿಯಮ 2016ರದ್ದು, ಅದು ಜಾರಿಗೆ ಬಂದದ್ದು 2017ರ ನವೆಂಬರ್ 1ರಂದು. ಅದಕ್ಕಿಂತ ಹಿಂದಿನ ಎಣ್ಣೆಬಣ್ಣಗಳಲ್ಲಿ, ಅದರಲ್ಲೂ ಹಳದಿ, ಕೆಂಪು, ಹಸಿರು ಎನಾಮೆಲ್‌ಗಳಲ್ಲಿ, ಇದಕ್ಕಿಂತ ಎಷ್ಟೋ ಪಟ್ಟು ಸೀಸ ಇರುತ್ತಿತ್ತು. ಹಳೆಯ ಮನೆಯ ಕಿಟಕಿಯ ಮೇಲೆ ವರ್ಷವರ್ಷ ಬಳಿದ ಪದರಗಳು ಒಂದರ ಮೇಲೊಂದು ಕೂತಿವೆ. ಸ್ಯಾಂಡ್‌ಪೇಪರ್ ಹಾಕಿ ಒಣಗಿದ್ದನ್ನೇ ಉಜ್ಜಿದಾಗ ಆ ಎಲ್ಲ ಪದರಗಳೂ ಹುಡಿಯಾಗಿ ಮನೆಯೊಳಗೆ ಹರಡುತ್ತವೆ. ಉಜ್ಜುವ ಯಂತ್ರವಾದರೆ ಇನ್ನೂ ಕೆಟ್ಟದು. ಬ್ಲೋಲ್ಯಾಂಪಿನಲ್ಲಿ ಸುಟ್ಟು ಕೀಳುವುದು ಎಲ್ಲಕ್ಕಿಂತ ಕೆಟ್ಟದು.

ಇನ್ನೊಂದು ವಿಷಯ ಗಮನಿಸಿ. 2016ರ ಆ ನಿಯಮ ಮನೆಬಣ್ಣಕ್ಕೆ ಮಾತ್ರ; ಕೈಗಾರಿಕೆಗೆ ಬಳಸುವ ಬಣ್ಣ ಅದರೊಳಗೆ ಬರುವುದಿಲ್ಲ. ಬೋಟಿಗೆ ತಂದು ಉಳಿದ ಬಣ್ಣವನ್ನು ಮನೆಯ ಗೇಟಿಗೋ ಮಗುವಿನ ತೊಟ್ಟಿಲಿಗೋ ಬಳಿಯುವುದು ನಮ್ಮಲ್ಲಿ ಸಾಮಾನ್ಯ. ಅದನ್ನು ಮಾಡಲೇಬಾರದು. ಹೊಸ ಡಬ್ಬ ಕೊಳ್ಳುವಾಗ ಸೀಸದ ಮಟ್ಟ 90 ಪಿಪಿಎಂ ಮೀರಿಲ್ಲ ಎಂದು ಬರೆದಿದೆಯೇ ನೋಡಿ.

ಕೆರೆದು ತಿಂಗಳುಗಳೇ ಕಳೆದವಲ್ಲ, ಈಗ ಏನು ಮಾಡುವುದು ಎನ್ನಬಹುದು. ಆ ಧೂಳು ಮಳೆಗೆ ಕೊಚ್ಚಿಹೋಗುವಂಥದ್ದಲ್ಲ. ಕಿಟಕಿಯ ಸಂದಿ, ಕಪಾಟಿನ ಹಿಂಬದಿ, ಮಾಡಿನ ನೀರು ಬೀಳುವ ಸಾಲಿನ ಮಣ್ಣು, ಇಲ್ಲೆಲ್ಲ ಅದು ಕೂತಿರುತ್ತದೆ. ಸೀಸ ಕೊಳೆಯುವುದಿಲ್ಲ, ಕರಗಿ ಹೋಗುವುದಿಲ್ಲ. ಮನೆಯ ಸುತ್ತ ಮಗು ಆಡುವಲ್ಲಿ, ವಿಶೇಷವಾಗಿ ಗೋಡೆಗೆ ತಾಗಿದ ಜಾಗದಲ್ಲಿ, ಬೇರೆ ಕಡೆಯಿಂದ ತಂದ ಶುದ್ಧ ಮಣ್ಣು ಅಥವಾ ಜಲ್ಲಿಯನ್ನು ದಪ್ಪಗೆ ಹಾಸಿ. ಸಾಧ್ಯವಾದರೆ ಹುಲ್ಲು ಬೆಳೆಸಿ, ಬರಿ ಮಣ್ಣು ಕಾಣಬಾರದು. ಮನೆಯೊಳಗೆ ಹಿಡಿಸೂಡಿಯಲ್ಲಿ ಒಣಕಸ ಗುಡಿಸುವುದನ್ನು ಸದ್ಯಕ್ಕೆ ಬಿಡಿ. ಗುಡಿಸಿದಾಗ ನುಣ್ಣನೆಯ ಹುಡಿ ಮೇಲೆದ್ದು ಪುನಃ ಎಲ್ಲ ಕಡೆ ಕೂರುತ್ತದೆ. ಸಾಬೂನು ಪುಡಿ ಕಲಸಿದ ನೀರಿನಲ್ಲಿ ಒದ್ದೆ ಬಟ್ಟೆಯಿಂದ ಒರೆಸಿ, ನೀರು ಮತ್ತೆಮತ್ತೆ ಬದಲಿಸಿ, ಕೊನೆಗೆ ಬರಿ ನೀರಿನಲ್ಲಿ ಇನ್ನೊಮ್ಮೆ ಒರೆಸಿ. ಕಿಟಕಿಯ ಅಡಿಪಟ್ಟಿ ಮತ್ತು ಹೊಸ್ತಿಲು ಮರೆಯಬೇಡಿ. ಮಗು ಕಚ್ಚುವ ಆಟಿಕೆಗಳನ್ನು ದಿನಾ ತೊಳೆಯಿರಿ. ನೀವು ಗರ್ಭಿಣಿಯಾದ್ದರಿಂದ ಈ ಮೊದಲ ದೊಡ್ಡ ಶುಚಿ ಕೆಲಸವನ್ನು ಮನೆಯ ಬೇರೆಯವರು ಮಾಡಲಿ, ಆ ಹೊತ್ತು ನೀವೂ ಮಗುವೂ ಮನೆಯಲ್ಲಿರಬೇಡಿ.

ಗಟ್ಟಿಯಾಗಿ ಅಂಟಿಕೊಂಡಿರುವ, ಎಲ್ಲೂ ಏಳದ ಹಳೆ ಬಣ್ಣವನ್ನು ಕೆದಕಬೇಕಾಗಿಲ್ಲ. ಅದರ ಮೇಲೆಯೇ ಹೊಸದು ಬಳಿಯಿರಿ. ಮುಂದಿನ ಮೇನಲ್ಲಿ ಕೆರೆಯಲೇಬೇಕಾಗಿ ಬಂದರೆ ನೀರು ಚಿಮುಕಿಸಿ ಒದ್ದೆ ಮಾಡಿಯೇ ಕೆರೆಯಬೇಕು, ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಸಿರಬೇಕು, ಕೆಲಸ ಮುಗಿದು ಒದ್ದೆ ಬಟ್ಟೆಯಲ್ಲಿ ಒರೆಸುವವರೆಗೆ ಮಕ್ಕಳು ಬೇರೆ ಮನೆಯಲ್ಲಿರಬೇಕು. ಬಣ್ಣದ ಕೆಲಸಕ್ಕೆ ಬರುವವರಿಗೂ ಮಾಸ್ಕ್ ಕೊಡಿ. ಅವರ ಮನೆಯಲ್ಲೂ ಮಕ್ಕಳಿರುತ್ತಾರೆ. ನಿಮ್ಮದು ಹಳೆ ಮನೆ ಎಂದದ್ದರಿಂದ ಒಂದು ಭಯ ಬಿಡಿಸುತ್ತೇನೆ: ಕಾವಿ ನೆಲದ ಕೆಂಪು ಕಬ್ಬಿಣದ ಆಕ್ಸೈಡಿನದ್ದು, ಅದರಲ್ಲಿ ತೊಂದರೆಯಿಲ್ಲ. ಗೋಡೆಗೆ ಸುಣ್ಣ ಹೊಡೆಸಿದ್ದರೆ ಅದರಲ್ಲೂ ಸೀಸವಿಲ್ಲ.

ಬಲೆ ಮತ್ತು ಬಣ್ಣ ನನ್ನ ಮೊದಲ ಎರಡು ಅನುಮಾನಗಳು. ಆದರೆ ಒಂದೇ ಮನೆಯಲ್ಲಿ ಎರಡು ಮೂರು ಮೂಲಗಳು ಒಟ್ಟಿಗೆ ಇರುವುದುಂಟು, ಆದ್ದರಿಂದ ಉಳಿದವನ್ನೂ ನೋಡಿಬಿಡಿ.

ಮಗುವಿನ ಕಣ್ಣಿಗೆ ಕಾಡಿಗೆ ಹಚ್ಚುತ್ತೀರಾ? ಮನೆಯಲ್ಲಿ ಎಣ್ಣೆದೀಪದ ಮಸಿ ಹಿಡಿದು ಮಾಡಿದ ಕಾಡಿಗೆ ಇಂಗಾಲ, ಅದರಲ್ಲಿ ಸೀಸ ಬರುವ ಕಾರಣವಿಲ್ಲ. ಜಾತ್ರೆಯಲ್ಲೋ ಸಂತೆಯಲ್ಲೋ ಬಿಡಿಯಾಗಿ ಕೊಂಡದ್ದು, ಗಲ್ಫ್‌ನಿಂದ ಬಂದವರು ತಂದುಕೊಟ್ಟ ಸುರ್ಮಾ, ಇವುಗಳಲ್ಲಿ ಕೆಲವು ಸೀಸದ ಸಲ್ಫೈಡ್ ಅದಿರನ್ನೇ ಅರೆದು ಮಾಡಿದವು. ಮಗು ಕಣ್ಣುಜ್ಜಿ ಬೆರಳು ಚೀಪಿದರೆ ನೇರವಾಗಿ ಹೊಟ್ಟೆಗೆ. ಮನೆಯ ಕಾಡಿಗೆಯನ್ನಾದರೂ ಕಣ್ಣೊಳಗೆ ಹಚ್ಚುವುದು ಸೋಂಕಿನ ಕಾರಣಕ್ಕೆ ಬೇಡ ಎನ್ನುತ್ತೇನೆ. ದೃಷ್ಟಿಬೊಟ್ಟು ಇಡಲೇಬೇಕೆಂದಿದ್ದರೆ ಅಂಗಾಲಿಗೆ ಇಡಿ. ಕಿತ್ತಳೆ-ಕೆಂಪು ಸಿಂಧೂರದಲ್ಲಿ ಸೀಸದ ಆಕ್ಸೈಡ್ ಇರುವುದುಂಟು, ಅದು ಮಗುವಿನ ಕೈಗೆ ಸಿಗುವಂತೆ ಇಡಬೇಡಿ.

ಮಗುವಿಗೆ ಭಸ್ಮ ಸೇರಿದ ಔಷಧಿ ಏನಾದರೂ ನಡೆಯುತ್ತಿದ್ದರೆ ಇವತ್ತೇ ನಿಲ್ಲಿಸಿ ನಿಮ್ಮ ಡಾಕ್ಟರಿಗೆ ಡಬ್ಬ ತೋರಿಸಿ. ನಾಗಭಸ್ಮ ಸೀಸದಿಂದಲೇ ತಯಾರಾಗುವುದು. ಅಮೆರಿಕದಲ್ಲಿ ಮಾರುತ್ತಿದ್ದ ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿ 2004 ಮತ್ತು 2008ರಲ್ಲಿ ಪ್ರಕಟಿಸಿದ ಎರಡು ಅಧ್ಯಯನಗಳಲ್ಲಿ ಸುಮಾರು ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಇದು ಬಜೆ ತೇಯ್ದು ನೆಕ್ಕಿಸುವ ಅಜ್ಜಿಯ ಮೇಲಿನ ದೂರಲ್ಲ. ಒಳಗೆ ಏನಿದೆ ಎಂದು ತಿಳಿಯದ ಪುಡಿ ಒಂದೂವರೆ ವರ್ಷದ ಮಗುವಿಗೆ ಬೇಡ ಎಂಬುದಷ್ಟೇ.

ಅರಸಿನದ ಕೊಂಬಿಗೆ ಹೊಳಪು ಬರಲೆಂದು ಸೀಸದ ಕ್ರೋಮೇಟ್ ಎಂಬ ಹಳದಿ ಬಣ್ಣ ಉಜ್ಜುವ ಕೆಟ್ಟ ಚಾಳಿ ಕೆಲವೆಡೆ ಇದೆ. ಬಾಂಗ್ಲಾದೇಶದಲ್ಲಿ ಇದು ದೊಡ್ಡ ಸಮಸ್ಯೆಯಾಗಿತ್ತು. 2019ರ ನಂತರ ಸರ್ಕಾರ ಮಾರುಕಟ್ಟೆಯ ಮೇಲೆ ಬಿಗಿ ಹಿಡಿದಾಗ ಎರಡೇ ವರ್ಷಗಳಲ್ಲಿ ಬಹುಪಾಲು ನಿಂತಿತು. ಹಿತ್ತಿಲಲ್ಲಿ ಅರಸಿನ ಬೆಳೆಯುತ್ತಿದ್ದರೆ, ಎಲೆಯನ್ನು ಕಡುಬಿಗೆ ಬಳಸುವಂತೆ ಗಡ್ಡೆಯನ್ನೂ ಬೇಯಿಸಿ ಒಣಗಿಸಿ ಪುಡಿ ಮಾಡಿಕೊಳ್ಳಿ. ಇಲ್ಲವಾದರೆ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ಇರುವ ಪ್ಯಾಕೆಟ್ ಕೊಳ್ಳಿ, ಕಣ್ಣು ಕುಕ್ಕುವ ಬಿಡಿ ಕೊಂಬು ಬೇಡ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುವಾಗ ಶುದ್ಧ ತವರ ಹಾಕಿಸಿ. ತವರ ದುಬಾರಿ, ಸೀಸ ಅಗ್ಗ, ಬೆರೆಸುವವರಿದ್ದಾರೆ. ಹುಳಿ, ಮಜ್ಜಿಗೆ, ಪುನರ್ಪುಳಿ ಸಾರು ಸ್ಟೀಲಿನಲ್ಲೇ ಇರಲಿ, ಹುಳಿಗೆ ಸೀಸ ಬೇಗ ಬಿಟ್ಟುಕೊಳ್ಳುತ್ತದೆ.

ನೀರಿನ ವಿಷಯದಲ್ಲಿ, ಬಾವಿಯ ನೀರೇ ಸಾಮಾನ್ಯವಾಗಿ ಮೂಲವಲ್ಲ. ಆದರೆ ನಮ್ಮ ಮುರಕಲ್ಲು ನೆಲದ ಬಾವಿನೀರು ಮೆದು, ಸ್ವಲ್ಪ ಆಮ್ಲೀಯ. ರಾತ್ರಿಯಿಡೀ ಹಿತ್ತಾಳೆಯ ನಲ್ಲಿ, ಹಳೆಯ ಪೈಪಿನ ಜೋಡಣೆಗಳಲ್ಲಿ ನಿಂತರೆ ಅಲ್ಲಿನ ಸೀಸವನ್ನು ಎಳೆದುಕೊಳ್ಳಬಲ್ಲದು. ಬೆಳಗ್ಗೆ ಮೊದಲ ನೀರನ್ನು ಗಿಡಕ್ಕೆ ಬಿಟ್ಟು ಆಮೇಲೆ ಕುಡಿಯಲು ಹಿಡಿಯಿರಿ. ಕುದಿಸಿದರೆ ಸೀಸ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಅನುಮಾನವಿದ್ದರೆ ನೀರು ಪರೀಕ್ಷಿಸಿ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ (ಬಿಐಎಸ್) ಹಾಕಿದ ಸೀಸದ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಬಣ್ಣದ ಗಣಪತಿಯನ್ನು ಕುಡಿಯುವ ನೀರಿನ ಬಾವಿಗೆ ಬಿಡುವ ಪದ್ಧತಿ ಮನೆಯಲ್ಲಿದ್ದರೆ ಅದು ನಿಲ್ಲಲಿ. ಸತ್ತ ಇನ್ವರ್ಟರ್ ಬ್ಯಾಟರಿಯನ್ನು ಮನೆಯ ಹಿಂದೆ ಇಡಬೇಡಿ, ಬಿಚ್ಚಲೂ ಬೇಡಿ; ಹೊಸದು ಕೊಳ್ಳುವಾಗ ಅಂಗಡಿಯವರಿಗೇ ಹಿಂದಿರುಗಿಸಿ. 2022ರ ನಿಯಮದ ಪ್ರಕಾರ ಹಳೆ ಬ್ಯಾಟರಿ ಸಂಗ್ರಹಿಸುವ ಹೊಣೆ ತಯಾರಕರದ್ದು. ಆಟಿಕೆಯಲ್ಲಿ ಐಎಸ್‌ಐ ಮುದ್ರೆ ನೋಡಿ, 2021ರ ಜನವರಿಯಿಂದ ಅದು ಕಡ್ಡಾಯ.

ಮಣ್ಣು ತಿನ್ನುವುದಕ್ಕೆ ಬರುತ್ತೇನೆ. ಕಬ್ಬಿಣದ ಅಂಶ ಕಡಿಮೆಯಾದ ಮಕ್ಕಳಿಗೆ ಮಣ್ಣು, ಸುಣ್ಣ, ಗೋಡೆಯ ಚಕ್ಕೆ ತಿನ್ನುವ ಬಯಕೆ ಹೆಚ್ಚು. ಆ ಮಣ್ಣಿನಲ್ಲಿ ಸೀಸವಿದ್ದರೆ, ಕಬ್ಬಿಣ ಸಾಲದ ಕರುಳು ಅದನ್ನು ಇನ್ನಷ್ಟು ಹೀರುತ್ತದೆ. ಹೀರಿದ ಸೀಸ ರಕ್ತಹೀನತೆಯನ್ನು ಹೆಚ್ಚಿಸುತ್ತದೆ. ಈ ಚಕ್ರವನ್ನು ಮುರಿಯುವ ಜಾಗ ಕಬ್ಬಿಣ. ಮಗುವನ್ನು ಹೊಡೆದು ಗದರಿಸಿ ಮಣ್ಣು ಬಿಡಿಸಲಾಗದು, ಹಿಮೋಗ್ಲೋಬಿನ್ 9.2ಕ್ಕೆ ನಿಮ್ಮ ಡಾಕ್ಟರು ತೂಕ ನೋಡಿ ಬರೆದುಕೊಡುವ ಕಬ್ಬಿಣದ ಸಿರಪ್ಪನ್ನು ಹೇಳಿದಷ್ಟು ತಿಂಗಳು ತಪ್ಪದೆ ಕೊಟ್ಟರೆ ಹಲವು ಮಕ್ಕಳಲ್ಲಿ ಆ ಬಯಕೆಯೇ ಇಳಿಯುತ್ತದೆ. ಹೊಟ್ಟೆ ಖಾಲಿ ಇದ್ದಾಗ ಸೀಸ ಹೆಚ್ಚು ಹೀರಲ್ಪಡುವುದರಿಂದ ಮಗುವನ್ನು ಹೊತ್ತುಹೊತ್ತಿಗೆ ಉಣಿಸಿ. ರಾಗಿ, ಹಾಲು-ಮೊಸರು, ಮುಳ್ಳು ಮೆತ್ತಗಾಗುವಂತೆ ಬೇಯಿಸಿ ನುರಿದ ಬೂತಾಯಿ, ಹರಿವೆ, ಬಸಳೆ, ನುಗ್ಗೆಸೊಪ್ಪು, ಹುರುಳಿ ಸಾರು, ಜೊತೆಗೆ ನೆಲ್ಲಿಕಾಯಿ ಅಥವಾ ಲಿಂಬೆಯ ಹುಳಿ. ಇವುಗಳಿಂದ ಸೀಸ ತೊಳೆದುಹೋಗುತ್ತದೆ ಎಂದು ತಿಳಿಯಬೇಡಿ. ಹೊಸದಾಗಿ ಒಳಗೆ ಹೋಗುವುದು ಕಡಿಮೆಯಾಗುತ್ತದೆ, ಅದೇ ಬೇಕಾದ್ದು. ದೇಹ ಶುದ್ಧಿ ಮಾಡುತ್ತೇವೆ ಎನ್ನುವ ಕಷಾಯ, ಹನಿಗಳ ಹತ್ತಿರ ಹೋಗಬೇಡಿ.

ಔಷಧಿ ಏಕೆ ಬೇಡ ಎಂದೆ ಎಂಬುದನ್ನು ವಿವರಿಸುವೆ. ಸಕ್ಸಿಮರ್‌ನಂಥ ಔಷಧಿಗಳು ರಕ್ತದ ಸೀಸವನ್ನು ಹಿಡಿದು ಮೂತ್ರದಲ್ಲಿ ಹೊರಗೆ ಹಾಕುತ್ತವೆ. 45 ಅಥವಾ ಹೆಚ್ಚಿದ್ದರೆ ಅವು ಬೇಕೇಬೇಕು. 70 ದಾಟಿದರೆ ತುರ್ತು ಸ್ಥಿತಿ, ಆಸ್ಪತ್ರೆಗೆ ಸೇರಿಸಬೇಕು. ಅದಕ್ಕಿಂತ ಕಡಿಮೆ ಇದ್ದವರಿಗೂ ಕೊಟ್ಟರೆ ಹೇಗೆ ಎಂದು ಅಮೆರಿಕದಲ್ಲಿ 20ರಿಂದ 44ರವರೆಗಿನ ಮಟ್ಟದ 780 ಮಕ್ಕಳಲ್ಲಿ ದೊಡ್ಡ ಪ್ರಯೋಗ ನಡೆಯಿತು, ಫಲಿತಾಂಶ ಬಂದದ್ದು 2001ರಲ್ಲಿ. ಔಷಧಿ ಕೊಟ್ಟವರ ರಕ್ತದ ಸೀಸ ಇಳಿಯಿತು. ಬುದ್ಧಿ, ನಡವಳಿಕೆಯ ಪರೀಕ್ಷೆಗಳಲ್ಲಿ ಔಷಧಿ ಕೊಟ್ಟವರಿಗೂ ಕೊಡದವರಿಗೂ ವ್ಯತ್ಯಾಸ ಕಾಣಲಿಲ್ಲ. ಮಾತ್ರೆ ನುಂಗಿಸಿ ಸರಿಮಾಡಲು ಆಗುವುದಿಲ್ಲ ಎಂದು ತೋರಿಸಿಕೊಟ್ಟ ಈ ಪ್ರಯೋಗವೇ, ಮನೆಯ ಮೂಲ ಹುಡುಕಿ ಎಂದು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ.

ಬುದ್ಧಿಯ ಪ್ರಶ್ನೆಗೆ ಮುಚ್ಚುಮರೆಯಿಲ್ಲದೆ ಉತ್ತರ ಕೊಡುವೆ. ಹಲವು ದೇಶಗಳ ಮಕ್ಕಳ ಮಾಹಿತಿಯನ್ನು ಒಟ್ಟುಸೇರಿಸಿ 2005ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ರಕ್ತದ ಸೀಸ 2.4ರಿಂದ 10ಕ್ಕೆ ಏರಿದಾಗ ಐಕ್ಯೂ ಸರಾಸರಿ 3.9 ಅಂಕ, 10ರಿಂದ 20ಕ್ಕೆ ಏರಿದಾಗ ಇನ್ನೂ 1.9 ಅಂಕ ಕುಸಿಯುತ್ತದೆ. ಇದು ಸಾವಿರಕ್ಕೂ ಹೆಚ್ಚು ಮಕ್ಕಳ ಸರಾಸರಿ. ನಿಮ್ಮ ಮಗ ಹೇಗೆ ಓದುತ್ತಾನೆ ಎಂದು 14 ಎಂಬ ಅಂಕಿ ನೋಡಿ ಯಾರೂ ಹೇಳಲಾರರು. ಅವನೊಂದಿಗೆ ದಿನವೂ ಎಷ್ಟು ಮಾತನಾಡುತ್ತೀರಿ, ಕಥೆ ಹೇಳುತ್ತೀರಿ, ಆಡಿಸುತ್ತೀರಿ ಎಂಬುದಕ್ಕೂ ಬಹಳ ತೂಕವಿದೆ. ಮಾತು, ಗಮನ, ನಡವಳಿಕೆಗಳ ಬೆಳವಣಿಗೆಯನ್ನು ಶಾಲೆ ಸೇರುವವರೆಗೂ ಆಗಾಗ ಮಕ್ಕಳ ವೈದ್ಯರಲ್ಲಿ ನೋಡಿಸಿ. ಅಂಗನವಾಡಿಗೆ ಮಕ್ಕಳ ಆರೋಗ್ಯ ತಪಾಸಣೆಗೆ ಬರುವ ಸರ್ಕಾರಿ ಆರ್‌ಬಿಎಸ್‌ಕೆ ತಂಡಕ್ಕೂ ಸೀಸದ ವರದಿ ತೋರಿಸಿ. ಹಿಂದುಳಿದಂತೆ ಕಂಡರೆ ಬೇಗ ತರಬೇತಿ ಶುರುಮಾಡಬಹುದು.

ಇನ್ನು ನಿಮ್ಮ ಹೊಟ್ಟೆಯಲ್ಲಿರುವ ಮಗು. ಹೌದು, ಸೀಸ ತಾಯಿಯ ರಕ್ತದಿಂದ ಮಗುವಿಗೆ ದಾಟುತ್ತದೆ. ಗರ್ಭಿಣಿಯಾಗಿದ್ದಾಗ ಮಗುವಿನ ಎಲುಬಿಗೆ ಬೇಕಾದ ಕ್ಯಾಲ್ಸಿಯಂ ತಾಯಿಯ ಎಲುಬಿನಿಂದ ಇಳಿಯುವಾಗ ಅಲ್ಲಿ ಹಿಂದಿನಿಂದ ಕೂತ ಸೀಸವೂ ಜೊತೆಗೆ ಇಳಿಯಬಹುದು. ನೀವೂ ಅದೇ ಮನೆಯಲ್ಲಿದ್ದೀರಿ, ಆದ್ದರಿಂದ ಈ ವಾರವೇ ನಿಮ್ಮ ರಕ್ತವನ್ನೂ ಪರೀಕ್ಷಿಸಿ. ಆಸ್ಪತ್ರೆಯಲ್ಲಿ ಕೊಟ್ಟ ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳನ್ನು ಬಿಡದೆ ತೆಗೆದುಕೊಳ್ಳಿ. ಕ್ಯಾಲ್ಸಿಯಂ ಸಾಕಷ್ಟಿದ್ದರೆ ಎಲುಬಿನಿಂದ ಇಳಿಯುವುದು ಕಡಿಮೆಯಾಗುತ್ತದೆ. ಎರಡು ಮಾತ್ರೆಗಳನ್ನು ಒಟ್ಟಿಗೆ ನುಂಗಬೇಡಿ, ನಡುವೆ ಕೆಲವು ಗಂಟೆ ಅಂತರವಿರಲಿ. ಗರ್ಭಿಣಿಯರಿಗೂ ಮಣ್ಣು, ಸುಣ್ಣದ ಕಲ್ಲು ತಿನ್ನುವ ಬಯಕೆ ಬರುವುದುಂಟು, ಬಂದಿದ್ದರೆ ನಾಚದೆ ವೈದ್ಯರಿಗೆ ಹೇಳಿ. ಹೆರಿಗೆಯ ನಂತರ ಎದೆಹಾಲು ಧಾರಾಳವಾಗಿ ಕೊಡಬಹುದು; ತಾಯಿಯ ರಕ್ತದಲ್ಲಿ 40 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮಾತ್ರ ವೈದ್ಯರೊಂದಿಗೆ ಮಾತನಾಡಿ ತೀರ್ಮಾನಿಸಬೇಕು.

ಮಗನ ರಕ್ತವನ್ನು ಒಂದರಿಂದ ಮೂರು ತಿಂಗಳೊಳಗೆ ಮತ್ತೆ ಪರೀಕ್ಷಿಸಿ, ಸಾಧ್ಯವಾದರೆ ಅದೇ ಲ್ಯಾಬಿನಲ್ಲಿ, ಇದೇ ರೀತಿ ರಕ್ತನಾಳದಿಂದಲೇ ತೆಗೆಸಿ. ಒಮ್ಮೆಲೇ 3ಕ್ಕೆ ಇಳಿಯುತ್ತದೆ ಎಂದು ಕಾಯಬೇಡಿ. ಎಲುಬಿನಲ್ಲಿದ್ದದ್ದು ರಕ್ತಕ್ಕೆ ಬರುತ್ತಲೇ ಇರುವುದರಿಂದ ಇಳಿತ ನಿಧಾನ. 14 ಇದ್ದದ್ದು 11ಕ್ಕೆ ಬಂದರೆ ನಿಮ್ಮ ಕೆಲಸ ಸರಿ ದಾರಿಯಲ್ಲಿದೆ ಎಂದು ತಿಳಿಯಿರಿ. ಅಲ್ಲೇ ನಿಂತರೆ ಅಥವಾ ಏರಿದರೆ, ಮನೆಯಲ್ಲಿ ನಮ್ಮ ಕಣ್ಣು ತಪ್ಪಿದ ಮೂಲ ಇನ್ನೊಂದಿದೆ ಎಂದರ್ಥ. ಆಗ ಮಾವನವರ ಶೆಡ್, ಗೇಟಿನ ಬುಡದ ಮಣ್ಣು, ಅರಸಿನದ ಡಬ್ಬಿ, ಮಗು ದಿನದ ಹೊತ್ತು ಕಳೆಯುವ ಅಕ್ಕಪಕ್ಕದ ಮನೆ, ಎಲ್ಲವನ್ನೂ ಮೊದಲಿನಿಂದ ಮತ್ತೊಮ್ಮೆ ನೋಡಬೇಕು. ಆ ಜಗಲಿಯಲ್ಲಿ ಆಡುವ ಬೇರೆ ಮಕ್ಕಳು, ಅಂದರೆ ಭಾವ-ಮೈದುನರ ಮಕ್ಕಳು, ನೆರೆಮನೆಯ ಮಕ್ಕಳು ಇದ್ದರೆ, ಅವರ ರಕ್ತವನ್ನೂ ಈಗಲೇ ಪರೀಕ್ಷಿಸಲು ಹೇಳಿ.